ನಿಯಮವೇ ನಕ್ಷೆಯ ಮೊದಲ ಗೆರೆಯಾಗಲಿ

ಸರಕು ಸಿದ್ಧವಾದ ಮೇಲೆ ನಿಯಮಾವಳಿಯನ್ನು ತೆರೆದು ನೋಡುವ ಅಭ್ಯಾಸ ಸಣ್ಣ ಕೈಗಾರಿಕೆಗಳಲ್ಲಿ ಇನ್ನೂ ಅಳಿದಿಲ್ಲ. ಖರೀದಿದಾರರ ತಪಾಸಕರು ಬಂದು ಅಳತೆ ಹಿಡಿದಾಗಲೇ ದೋಷ ಬೆಳಕಿಗೆ ಬರುತ್ತದೆ. ಆ ವೇಳೆಗೆ ಕಚ್ಚಾಮಾಲು, ಕೂಲಿ, ವಿದ್ಯುತ್ತು ಎಲ್ಲವೂ ವ್ಯಯವಾಗಿರುತ್ತವೆ. ಈ ಅಭ್ಯಾಸ ಎಷ್ಟು ದುಬಾರಿ ಎಂಬುದನ್ನು ಅಮೆರಿಕದಲ್ಲಿ ಆರಂಭವಾದ ಪ್ರೌಢಶಾಲಾ ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆಯೊಂದು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಸಂಶೋಧಕ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯು ತನ್ನ ರೋಬಾಟಿಕ್ಸ್ ಸ್ಪರ್ಧೆಯನ್ನು 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪ್ರಾರಂಭಿಸಿತು. ಪ್ರತಿ ಜನವರಿಯಲ್ಲಿ ಹೊಸ ಆಟ ಪ್ರಕಟವಾಗುತ್ತದೆ. ಕೆಲವೇ ವಾರಗಳಲ್ಲಿ ತಂಡಗಳು ಯಂತ್ರವನ್ನು ವಿನ್ಯಾಸಗೊಳಿಸಿ, ನಿರ್ಮಿಸಿ, ಕಣಕ್ಕೆ ತರಬೇಕು. ಕೆಂಪು ಮತ್ತು ನೀಲಿ ಬಣಗಳ ತಲಾ ಮೂರು ರೋಬಾಟ್‌ಗಳು ಒಂದೇ ಅಂಗಣದಲ್ಲಿ ಓಡಾಡುವುದರಿಂದ ಡಿಕ್ಕಿ ಅನಿವಾರ್ಯ. ಆದ್ದರಿಂದಲೇ ಚೌಕಟ್ಟು ಮತ್ತು ಬಂಪರ್‌ಗಳಿಗೆ ಕಟ್ಟುನಿಟ್ಟಾದ ನಿಯಮಗಳಿವೆ.

2024ರ ಋತುವಿನ ನಿಯಮಗಳನ್ನೇ ಉದಾಹರಣೆಯಾಗಿ ಪರಿಶೀಲಿಸಬಹುದು. ಬ್ಯಾಟರಿ ಮತ್ತು ಬಂಪರ್ ಬಿಟ್ಟು ರೋಬಾಟ್‌ನ ತೂಕ 125 ಪೌಂಡ್, ಅಂದರೆ ಸುಮಾರು 57 ಕಿಲೋ ಮೀರುವಂತಿರಲಿಲ್ಲ. ಚೌಕಟ್ಟಿನ ಸುತ್ತಳತೆಗೆ 120 ಅಂಗುಲದ ಮಿತಿಯಿತ್ತು. ಬೋಲ್ಟ್ ತಲೆ, ರಿವೆಟ್, ಬೆಸುಗೆಯ ಉಬ್ಬು ಮೊದಲಾದವು ಕಾಲು ಅಂಗುಲದೊಳಗಿದ್ದರೆ ಮಾತ್ರ ಆ ಲೆಕ್ಕದಿಂದ ಹೊರಗೆ. ಬಂಪರ್‌ಗೆ ಮುಕ್ಕಾಲು ಅಂಗುಲ ದಪ್ಪದ, ಸುಮಾರು 5 ಅಂಗುಲ ಎತ್ತರದ ಮರದ ಹಲಗೆ, ಅದರ ಮುಂದೆ ಈಜುಕೊಳದಲ್ಲಿ ತೇಲಲು ಬಳಸುವ ಸುಮಾರು ಎರಡೂವರೆ ಅಂಗುಲ ವ್ಯಾಸದ ಎರಡು ಫೋಮ್ ಕೊಳವೆಗಳು, ಮೇಲೆ ಗಟ್ಟಿಯಾದ ನುಣುಪು ಬಟ್ಟೆಯ ಹೊದಿಕೆ. ಪ್ರತಿ ಹೊರಮೂಲೆಯ ಎರಡೂ ಬದಿಗೆ ಕನಿಷ್ಠ 6 ಅಂಗುಲ ಬಂಪರ್ ಕಡ್ಡಾಯ. ಇವೆಲ್ಲವೂ ನೆಲದಿಂದ ಏಳೂವರೆ ಅಂಗುಲದೊಳಗಿನ ಪಟ್ಟಿಯಲ್ಲಿಯೇ ಇರಬೇಕು.

ಓದಲು ಸರಳವಾಗಿ ಕಾಣುವ ಈ ಅಂಕಿಗಳು ಇಡೀ ಯಂತ್ರವನ್ನು ನಿರ್ಧರಿಸುತ್ತವೆ. ತಂಡವೊಂದು ಒಂದೊಂದು ಬದಿಗೆ 30 ಅಂಗುಲದ ಚೌಕವನ್ನು ಆರಿಸಿಕೊಂಡಿತೆನ್ನೋಣ. ಸುತ್ತಳತೆಯ 120 ಅಂಗುಲವೂ ಅಲ್ಲಿಗೇ ಮುಗಿಯಿತು. ಬೋಲ್ಟೊಂದು ಕಾಲು ಅಂಗುಲ ಮೀರಿ ಹೊರಚಾಚಿದರೂ ಮಿತಿ ಭಂಗ. ಹಲಗೆ ಮತ್ತು ಫೋಮ್ ಸೇರಿ ಪ್ರತಿ ಬದಿಗೆ ಸುಮಾರು ಮೂರೂಕಾಲು ಅಂಗುಲ ಕೂಡುವುದರಿಂದ, 30 ಅಂಗುಲದ ಯಂತ್ರ ಅಂಗಣದಲ್ಲಿ ಸುಮಾರು ಮೂವತ್ತಾರೂವರೆ ಅಂಗುಲದ್ದಾಗುತ್ತದೆ. ಆ ವರ್ಷ ಚೌಕಟ್ಟಿನಾಚೆ ತೋಳು ಚಾಚಲು 12 ಅಂಗುಲ ಮಾತ್ರ ಅವಕಾಶವಿತ್ತು. ಅದರಲ್ಲಿ ಮೂರೂಕಾಲು ಅಂಗುಲವನ್ನು ಬಂಪರ್ ದಾಟುವುದಕ್ಕೇ ಬಿಟ್ಟುಕೊಡಬೇಕು. ಆಟದ ವಸ್ತುವನ್ನು ನೆಲಮಟ್ಟದಲ್ಲಿಯೇ ಒಳಗೆಳೆದುಕೊಳ್ಳಲು ಒಂದು ಬದಿಯ ಬಂಪರ್ ಕತ್ತರಿಸಿದರೆ, ಎರಡು ಮೂಲೆಗಳ ಆರಾರು ಅಂಗುಲ ಕಳೆದು 18 ಅಂಗುಲದ ತೆರಪು ಉಳಿಯುತ್ತದೆ. ಬಂಪರ್ ಹಲಗೆಯ ಹಿಂದೆ 8 ಅಂಗುಲಕ್ಕಿಂತ ಅಗಲವಾದ ಆಧಾರವಿಲ್ಲದ ಜಾಗವೂ ಸಲ್ಲದು. ಹೀಗೆ ಚಕ್ರ, ಮೋಟಾರು, ತೋಳುಗಳ ಸ್ಥಾನವನ್ನೆಲ್ಲ ಆಜ್ಞಾಪಿಸುವುದು ಬಂಪರೇ. ಅದನ್ನು ಕೊನೆಯ ಕೆಲಸವೆಂದು ಬದಿಗಿಟ್ಟ ತಂಡ, ತಪಾಸಣೆಯ ಮೇಜಿನ ಬಳಿ ಗರಗಸ ಹಿಡಿಯಬೇಕಾಗುತ್ತದೆ. ತಪಾಸಣೆಯಲ್ಲಿ ತೇರ್ಗಡೆಯಾಗದ ರೋಬಾಟ್ ಅರ್ಹತಾ ಪಂದ್ಯಕ್ಕೆ ಇಳಿಯುವಂತಿಲ್ಲ. ಅದರೊಳಗಿನ ಜಾಣ್ಮೆ ಎಷ್ಟೇ ಇರಲಿ, ಅಂಕ ಶೂನ್ಯ.

ಆದರೆ ಹೊಣೆ ತಯಾರಕನೊಬ್ಬನದೇ ಅಲ್ಲ. ನಿಯಮ ರೂಪಿಸುವವರೂ ಕಲಿಯಬೇಕಾದುದಿದೆ. ವಸ್ತುವನ್ನು ಹೆಸರಿಸಿ ಕಟ್ಟಿಹಾಕುವ ನಿಯಮ ಪಾಲಿಸಲು ಸುಲಭ, ಆದರೆ ಸುಧಾರಣೆಗೆ ಅಡ್ಡಿ. 2025ರ ಋತುವಿನಲ್ಲಿ ಫಸ್ಟ್ ಸಂಸ್ಥೆಯು ಈಜುಕೊಳದ ಕೊಳವೆಯನ್ನೇ ಬಳಸಬೇಕೆಂಬ ಕಟ್ಟಳೆಯನ್ನು ಸಡಿಲಿಸಿ, ಬೇರೆ ಫೋಮ್‌ಗಳಿಗೂ ಅವಕಾಶವಿತ್ತಿತು. ಉದ್ದೇಶವಿರುವುದು ಪೆಟ್ಟನ್ನು ಹೀರಿಕೊಳ್ಳುವುದರಲ್ಲಿಯೇ ಹೊರತು ಕೊಳವೆಯ ಹೆಸರಿನಲ್ಲಿ ಅಲ್ಲ. ಮಾನಕಗಳನ್ನು ಬರೆಯುವ ಅಧಿಕಾರಿಗಳ ಮುಂದೆ ಉದ್ಯಮ ಸಂಘಗಳು ಇಡಬೇಕಾದ ಬೇಡಿಕೆಯೂ ಇದೇ: ಸಾಧಿಸಬೇಕಾದ ಗುಣವನ್ನು ಹೇಳಿರಿ, ಅದನ್ನು ಅಳೆಯುವ ವಿಧಾನವನ್ನು ತಿಳಿಸಿರಿ, ದಾರಿಯನ್ನು ತಯಾರಕನಿಗೆ ಬಿಡಿರಿ.

ಪ್ರತ್ಯೇಕ ವಿನ್ಯಾಸ ವಿಭಾಗವನ್ನಿಡುವ ಶಕ್ತಿ ಸಣ್ಣ ಘಟಕಕ್ಕೆಲ್ಲಿದೆ ಎಂಬ ಆಕ್ಷೇಪ ಸಹಜವೇ. ಆದರೆ ಇಲ್ಲಿ ಬೇಕಾದುದು ವಿಭಾಗವಲ್ಲ, ಒಂದು ಹಾಳೆ. ಆದೇಶ ಕೈಗೆ ಬಂದ ದಿನವೇ ಅಳತೆ, ತೂಕ, ವಸ್ತು, ಗುರುತು, ತಪಾಸಣಾ ವಿಧಾನ ಇವಿಷ್ಟನ್ನು ಅದರಲ್ಲಿ ಬರೆದು, ಪ್ರತಿ ಮಿತಿಗೂ ಒಳಗೆ ಒಂದಿಷ್ಟು ಅಂತರವಿಟ್ಟು ನಕ್ಷೆ ಎಳೆಯಬೇಕು. 120ಕ್ಕೆ 120 ಮುಟ್ಟಿಸುವ ಸಾಹಸಕ್ಕಿಂತ 118ಕ್ಕೆ ನಿಲ್ಲುವ ವಿವೇಕವೇ ಲೇಸು. ಎರಡು ಅಂಗುಲದ ನಷ್ಟವನ್ನು ಭರಿಸಬಹುದು, ಹಿಂದಿರುಗಿ ಬಂದ ಸರಕನ್ನು ಭರಿಸಲಾಗದು. ಹದಿಹರೆಯದ ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ರೂಢಿಸಿಕೊಳ್ಳುವ ಈ ಶಿಸ್ತು, ವರ್ಷಗಟ್ಟಲೆ ಕಾರ್ಖಾನೆ ನಡೆಸಿದವರಿಗೆ ಅಸಾಧ್ಯವಾಗಲಾರದು.