ನಾಲ್ಕು ದಿನ ಬೇಕು ಕಣ್ರೀ, ತಾತ ಪರಿಚಯ ಆಗೋಕೆ

ಈ ಬೇಸಿಗೆ ರಜೆಗೆ ಸಮುದ್ರ ಅಂತ ತೀರ್ಮಾನ ಆಗಿತ್ತು. ಮೈಸೂರಿನಲ್ಲಿರೋ ಅಕ್ಕ ಮಾರ್ಚ್‌ನಲ್ಲೇ ಫೋನ್ ಮಾಡಿ, "ಮಲ್ಪೆಗೆ ಹೋಗೋಣ ಕಣೇ, ಮೂರು ದಿನ. ಮಕ್ಕಳು ಮರಳಲ್ಲಿ ಆಡ್ಕೊಂಡಿರ್ತವೆ. ಅಪ್ಪ ಅವ್ವನ್ನೂ ಕರ್ಕೊಂಡೇ ಹೋಗೋಣ" ಅಂದಿದ್ದಳು. ನಾನೂ ಹೂಂ ಅಂದಿದ್ದೆ. ನನ್ನ ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಪುಟ್ಟ ಬಕೆಟ್ಟು, ಪ್ಲಾಸ್ಟಿಕ್ ಸಲಿಕೆ ಎಲ್ಲ ಕೊಂಡಾಗಿತ್ತು. ಸಮುದ್ರದ ಎದುರು ಅವಳನ್ನ ನಿಲ್ಲಿಸಿ ತೆಗೆಯೋ ಫೋಟೋ ಕೂಡ ನನ್ನ ತಲೇಲಿ ಆಗಲೇ ತಯಾರಾಗಿತ್ತು ಅನ್ನೋದನ್ನ ಒಪ್ಕೊಂಡುಬಿಡ್ತೀನಿ :-)

ಗುಂಡ್ಲುಪೇಟೆಗೆ ಫೋನ್ ಮಾಡಿ ವಿಷಯ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೆಲ್ಲ ಹೋಗ್ಬನ್ನಿ ಕನವ್ವ. ನನ್ಗ ಮಂಡಿ ನೋವು, ಅಷ್ಟ್ ದೂರ ಕೂರಕ್ಕಾಗಲ್ಲ. ನಾವು ಮನೇಲಿರ್ತೀವಿ" ಅಂದರು. ಅಪ್ಪನಿಗೆ 74. ಗುಂಡ್ಲುಪೇಟೆಯಿಂದ ಮಲ್ಪೆ ಅಂದರೆ ಮುನ್ನೂರು ಕಿಲೋಮೀಟರಿಗೂ ಮೇಲೆ, ಹೋಗ್ತಾ ಒಂದು ದಿನ, ಬರ್ತಾ ಒಂದು ದಿನ. ಅಲ್ಲಿಗೆ ಮೂರು ದಿನದಲ್ಲಿ ಉಳಿಯೋದು ಒಂದೇ ದಿನ. ಅಪ್ಪ ಅವ್ವ ಬರಲ್ಲ ಅಂದಮೇಲೆ ಅಕ್ಕನೂ ನಾನೂ ಎರಡು ದಿನ ಜಗಳ ಆಡಿ, ಕೊನೆಗೆ ಸಮುದ್ರಾನ ಕೈಬಿಟ್ಟು, ಹತ್ತು ದಿನ ಗುಂಡ್ಲುಪೇಟೆ ಮನೇಲೇ ಇರೋದು ಅಂತ ಮಾಡ್ಕೊಂಡ್ವಿ.

ಆಫೀಸಿನಲ್ಲಿ ಈ ವಿಷಯ ಹೇಳಿದಾಗ ಒಬ್ಬರು ಕೇಳಿದ ಪ್ರಶ್ನೆ ಇದು: "ಅಷ್ಟು ಚಿಕ್ಕ ಮಗೂಗೆ ಎಲ್ಲಿಗೆ ಕರ್ಕೊಂಡು ಹೋದ್ರೂ ಏನು ನೆನಪಿರತ್ತೆ? ಸುಮ್ನೆ ರಜೆ ದಂಡ. ಐದು ವರ್ಷ ಆಗ್ಲಿ, ಆಮೇಲೆ ಹೋಗಿ." ಇದೇ ಮಾತನ್ನ ನೀವೂ ಕೇಳಿರ್ತೀರ, ಬಹುಶಃ ಹೇಳಿಯೂ ಇರ್ತೀರ. ಈ ಮಾತಿನ ಬಗ್ಗೆಯೇ ಇವತ್ತು ಬರೀಬೇಕು ಅನ್ನಿಸಿದ್ದು.

ಬೇಸಿಗೆ ಬಂತು ಅಂದರೆ ಬೆಂಗಳೂರಿನ ಅರ್ಧ ಕಾರುಗಳು ನಮ್ಮೂರನ್ನ ದಾಟಿಕೊಂಡೇ ಊಟಿಗೋ ವಯನಾಡಿಗೋ ಹೋಗೋದು. ಬಂಡೀಪುರದ ಕಾಡಿನ ರಸ್ತೇಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇರೋದರಿಂದ ಸಂಜೆ ಎಲ್ಲರಿಗೂ ಅವಸರ. ಊಟಿಗಂತೂ 2024ರ ಮೇ 7ರಿಂದ ಇ-ಪಾಸ್ ಬೇರೆ ಬಂತು. ನಮ್ಮೂರಲ್ಲಿ ನಿಲ್ಲೋದು ಟೀ ಕುಡಿಯೋಕೆ ಮಾತ್ರ. ಹಿಂದಿನ ಸೀಟಲ್ಲಿ ಅಳೋ ಮಗೂನ ಸಮಾಧಾನ ಮಾಡ್ತಾ ನಿಂತಿರೋ ಅಪ್ಪ ಅಮ್ಮಂದಿರನ್ನ ನೋಡಿ ಪಾಪ ಅನ್ನಿಸತ್ತೆ. ಅವರೂ ಮಕ್ಕಳ ಖುಷಿಗೆ ಅಂತಲೇ ಹೊರಟಿರೋದು.

ಸರಿ, ನಾವು ಮನೆ ತಲುಪಿದ್ವಿ. ಅಪ್ಪ ಬಾಗಿಲಲ್ಲೇ ಕಾಯ್ತಾ ನಿಂತಿದ್ದರು. "ಬಾ ಕೂಸೇ" ಅಂತ ಎರಡೂ ಕೈ ಚಾಚಿದರು. ನಮ್ಮ ಪುಟ್ಟಿ ಒಂದು ಸಲ ನೋಡಿದವಳೇ ಕಿಟಾರನೆ ಕಿರುಚಿಕೊಂಡು ನನ್ನ ಕುತ್ತಿಗೆ ತಬ್ಬಿಕೊಂಡಳು. ದಿನಾ ಸಂಜೆ ವಿಡಿಯೋ ಕಾಲಲ್ಲಿ ಇದೇ ತಾತನಿಗೆ ಮುತ್ತು ಕೊಡೋ ಹುಡುಗಿ! ಫೋನಿನೊಳಗಿನ ಅಂಗೈಯಗಲದ ತಾತ ಇಷ್ಟು ಎತ್ತರ ಇರ್ತಾರೆ, ಅವರಿಗೆ ಕೈ ಇರತ್ತೆ, ಬೀಡಿ ವಾಸನೆ ಇರತ್ತೆ, ಗಡಸು ದನಿ ಇರತ್ತೆ ಅಂತ ಅವಳಿಗೆ ಯಾರು ಹೇಳಿದ್ದರು?

ಅಪ್ಪ ಏನೂ ಆಗಿಲ್ಲ ಅನ್ನೋ ಥರ ಪೇಪರ್ ಎತ್ಕೊಂಡು ಜಗಲಿಗೆ ಹೋಗಿ ಕೂತರು. ಅದು ಬೆಳಿಗ್ಗೆನೇ ಓದಿ ಮುಗಿಸಿದ್ದ ಪೇಪರ್ರು.

ಎರಡನೇ ದಿನ ಅವಳು ತಾತನ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ ಓಡಿಬಂದಳು. ಮೂರನೇ ದಿನ ಅಕ್ಕನ ಮಕ್ಕಳು, ಅಂದರೆ ಹತ್ತು ವರ್ಷದ ಅಣ್ಣ, ಆರು ವರ್ಷದ ಚಿನ್ನು, ತಾತನ ಬೆನ್ನ ಮೇಲೆ ಬಿದ್ದು ಆಡೋದನ್ನ ಕಂಬದ ಮರೆಯಿಂದ ನೋಡಿದಳು. ಅವರು ತಾತನ ಕನ್ನಡಕ ಕಿತ್ಕೊಂಡು ಓಡಿದಾಗ ನಕ್ಕಳು. ಇಲ್ಲಿ ಒಂದು ಮಾತು. ಅವಳನ್ನ ತಾತನ ಹತ್ತಿರ ಕರೆದೊಯ್ದವರು ನಾನಲ್ಲ, ಅವ್ವನೂ ಅಲ್ಲ, ಈ ಎರಡು ಮಕ್ಕಳು. ನಾವು "ಹೋಗು ಪುಟ್ಟಿ, ತಾತ ಕಣೇ" ಅಂತ ತಳ್ಳಿದಷ್ಟೂ ಅವಳು ಹಿಂದೆ ಸರೀತಿದ್ದಳು. ದೊಡ್ಡ ಮಕ್ಕಳು ಹೆದರಿಲ್ಲ ಅನ್ನೋದನ್ನ ಕಣ್ಣಾರೆ ನೋಡಿದ ಮೇಲೆ ಮುಂದೆ ಬಂದಳು. ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಕಾಫಿ ಕುಡೀತಾ ಕೂತಿದ್ದಾಗ ತಾನೇ ಹೋಗಿ ಅವರ ಮಂಡಿ ಹಿಡ್ಕೊಂಡು ನಿಂತಳು. ಅದೇ ನೋವಿನ ಮಂಡಿ. ಅಪ್ಪ ಅಲುಗಾಡದೆ ಕೂತಿದ್ದರು, ಕಾಫಿ ಆರಿಹೋಯ್ತು.

ಈಗ ಲೆಕ್ಕ ಹಾಕಿ. ಮೂರು ದಿನದ ಸಮುದ್ರದ ಟ್ರಿಪ್ಪಿಗೆ ಅಪ್ಪ ಹೇಗೋ ನೋವು ನುಂಗಿಕೊಂಡು ಬಂದೇಬಿಟ್ಟಿದ್ದರೂ, ಅವಳು ಅವರ ಹತ್ತಿರ ಹೋಗೋ ಮೊದಲೇ ಟ್ರಿಪ್ ಮುಗಿದಿರೋದು. ಎಲ್ಲರೂ ಒಟ್ಟಿಗಿರೋ ಫೋಟೋ ಮಾತ್ರ ಇರೋದು, ಅದರಲ್ಲಿ ಇವಳು ಅಳ್ತಾ ಇರೋದು.

ಆರನೇ ದಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದ್ವಿ. ನಮ್ಮ ಕಡೆಯವರಿಗೆ ಹಿಮವದ್ ಅಂತ ಸೇರಿಸಿ ಹೇಳೋ ಅಭ್ಯಾಸ ಇಲ್ಲ, ಬರೀ ಬೆಟ್ಟ ಅಂದರೆ ಅದೇ. ಊರಿಂದ ಸುಮಾರು ಇಪ್ಪತ್ತು ಕಿಲೋಮೀಟರು, ಊಟಿ ರಸ್ತೇಲಿ ಹಂಗಳದ ಹತ್ತಿರ ಬಲಕ್ಕೆ ತಿರುಗಬೇಕು. ಬಂಡೀಪುರ ಹುಲಿ ರಕ್ಷಿತಾರಣ್ಯದ ಒಳಗಿರೋ ಬೆಟ್ಟ ಇದು, ಎತ್ತರ 1,454 ಮೀಟರ್. ಮೊದಲು ಕಾರು ಜೀಪು ಎಲ್ಲ ಮೇಲಿನವರೆಗೂ ಹೋಗ್ತಿದ್ದವು. ಈಗ ಸ್ವಂತ ಗಾಡಿಗಳನ್ನ ಕೆಳಗೇ ನಿಲ್ಲಿಸಿ, ಕೆಎಸ್ಸಾರ್ಟಿಸಿ ಬಸ್ಸಲ್ಲಿ ಹೋಗಬೇಕು. ಮೇಲೆ ರಾತ್ರಿ ಉಳಿಯೋ ಹಾಗಿಲ್ಲ. ಈ ನಿಯಮದ ಬಗ್ಗೆ ಗೊಣಗೋರನ್ನ ನೋಡಿದೀನಿ. ನನಗಂತೂ ಇದು ಸರಿ ಅನ್ನಿಸತ್ತೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಈ ಗುಡ್ಡಗಳು ಕರ್ರಗೆ ಸುಟ್ಟು ನಿಂತಿದ್ದನ್ನ ಕಂಡವರು ಅಲ್ಲಿಗೆ ಇನ್ನೊಂದಿಷ್ಟು ಕಾರು ಬರಲಿ ಅನ್ನಲ್ಲ.

ಚಿನ್ನುಗೆ ಸಮುದ್ರ ತಪ್ಪಿದ ಸಿಟ್ಟು ಇನ್ನೂ ಇತ್ತು. ಹಿಂದಿನ ಸಂಜೆ ಮಳೆ ಬಂದಿದ್ದರಿಂದ ಮೇಲೆ ಚೆನ್ನಾಗಿ ಮಂಜು. ಕೆಳಗಿನ ಕಣಿವೆ ಪೂರ್ತಿ ಬೆಳ್ಳಗೆ ತುಂಬಿಕೊಂಡಿತ್ತು. ಅದನ್ನ ನೋಡಿದವಳೇ ಅವಳ ಮುಖ ಅರಳಿತು. ತಂಗಿಯನ್ನ ಎಳ್ಕೊಂಡು ಬಂದು, "ನೋಡು ಪುಟ್ಟಿ, ಸಮುದ್ರ!" ಅಂತ ತೋರಿಸಿದಳು. ಪುಟ್ಟಿ ಸಮುದ್ರದ ಕಡೆ ಬೆನ್ನು ತಿರುಗಿಸಿ, ನಾವು ಇಳಿದು ಬಂದಿದ್ದ ಬಸ್ಸನ್ನ ತೋರಿಸಿ "ಬಸ್ಸು" ಅಂದಳು. ಇಡೀ ಬೆಟ್ಟದಲ್ಲಿ ಅವಳಿಗೆ ಹಿಡಿಸಿದ್ದು ಬಸ್ಸು, ಕಂಡಕ್ಟರು ಹೊಡೆದ ಸೀಟಿ, ಮತ್ತೆ ತಾತ ತನ್ನ ಪಾಲಿನ ಟಿಕೆಟ್ಟನ್ನ ಅವಳ ಕೈಗೆ ಕೊಟ್ಟಿದ್ದು. ಇದನ್ನೇ ನಾನು ಮಲ್ಪೆಗೆ ಹೋಗಿ, ದುಡ್ಡು ಸುರಿದು ಕಲಿಯಬೇಕಿತ್ತು :-)

ಬಸ್ಸು ನಿಲ್ಲೋ ಜಾಗದಿಂದ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಬೇಕು. ನಾವೆಲ್ಲ ಬೇಗ ಹತ್ತಿ ಹೋಗಿ ಹಿಂದೆ ನೋಡಿದರೆ, ಅಪ್ಪನೂ ಇವಳೂ ಕೈ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಬರ್ತಿದ್ದರು. ಒಂದು ಮೆಟ್ಟಿಲು ಹತ್ತೋದು, ಇಬ್ಬರೂ ನಿಲ್ಲೋದು. ಅಪ್ಪನ ಮಂಡಿಗೂ ಇವಳ ಕಾಲಿಗೂ ಒಂದೇ ಸ್ಪೀಡು. ಎತ್ಕೊಳ್ಳೋಕೆ ಹೋದ ಭಾವನಿಗೆ ಇಬ್ಬರೂ ಒಟ್ಟಿಗೆ ಬೇಡ ಅಂದರು.

ಹೊಯ್ಸಳರ ಬಲ್ಲಾಳ ರಾಜ 1315ರ ಸುಮಾರಿಗೆ ಕಟ್ಟಿಸಿದ ಗುಡಿ ಅಂತಾರೆ. ಒಳಗೆ ಕೊಳಲು ಹಿಡಿದ ಗೋಪಾಲ. ಮಗ್ಗುಲಲ್ಲಿ ನಿಂತಿದ್ದ ಅವ್ವ ಪ್ರಸಾದದ ತುತ್ತು ಮಾಡಿ ಪುಟ್ಟಿಯ ಬಾಯಿಗಿಡೋಕೆ ಹೋದಾಗ ಅವಳು ಆಕಾಶ ನೋಡಿ "ಕಾಕಾ?" ಅಂದಳು. ಅಷ್ಟು ದಿನ ಮನೆಯಲ್ಲಿ ಅವ್ವ ಅವಳಿಗೆ ಕಾಗೆ ತೋರಿಸ್ತಾನೇ ತಿನ್ನಿಸ್ತಿದ್ದದ್ದು. ಆಗ ಅವ್ವ ಮಕ್ಕಳಿಗೆಲ್ಲ ಕಥೆ ಹೇಳಿದರು. ಈ ಬೆಟ್ಟದಲ್ಲಿ ಹಂಸತೀರ್ಥ ಅಂತ ಇದೆ, ಕಾಗೆಯೊಂದು ಅದರಲ್ಲಿ ಮುಳುಗಿ ಎದ್ದು ಹಂಸ ಆಗಿಬಿಡ್ತು, ಅದಕ್ಕೇ ಇಲ್ಲಿ ಕಾಗೆ ಇರೋದಿಲ್ಲ ಅಂತ. ಹತ್ತು ವರ್ಷದವನು ಬಿಡ್ತಾನಾ? "ಹಾಗಾದ್ರೆ ಹಂಸ ಎಲ್ಲಿ ಅಜ್ಜಿ?" ಅಂದ. "ಅದು ಆಗ್ಲೇ ಆರೋದೊ ಕನಪ್ಪ" ಅಂದು ಅವ್ವ ಅವನ ಬಾಯಿಗೂ ಒಂದು ತುತ್ತು ಇಟ್ಟರು.

ವಾಪಸ್ ಬರೋವಾಗ ನಾನು ಆಫೀಸಿನವರ ಪ್ರಶ್ನೆಯನ್ನ ಅವ್ವನಿಗೆ ಹೇಳಿದೆ. ಇದೆಲ್ಲ ಇವಳಿಗೆ ನೆನಪಿರಲ್ಲವಂತೆ ಅವ್ವಾ, ಅಂತ. ಅವ್ವ ನನ್ನ ಮುಖಾನೂ ನೋಡದೆ, "ಕೂಸ್ಗ ನೆಪ್ಪಿಲ್ದೆ ಓದ್ರ ಓಗ್ಲಿ ಬುಡು. ನಮ್ಗ ನೆಪ್ಪಿರ್ತದಲ್ಲ" ಅಂದರು.

ಪ್ರಶ್ನೆ ಕೇಳಿದವರು ಹೇಳಿದ್ದು ಸುಳ್ಳಲ್ಲ. ಮೂರು, ಮೂರೂವರೆ ವರ್ಷಕ್ಕೆ ಮುಂಚಿನದು ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರೋದಿಲ್ಲ ಅಂತ ಮನಶ್ಶಾಸ್ತ್ರದವರೂ ಹೇಳ್ತಾರೆ. ಆದರೆ ಆ ಮಾತು ನಿಜ ಆದರೆ ಸಮುದ್ರವೂ ನೆನಪಿರಲ್ಲ, ಊಟಿಯೂ ನೆನಪಿರಲ್ಲ, ಬೆಟ್ಟವೂ ಇರಲ್ಲ. ಹಾಗಾದರೆ ಜಾಗಕ್ಕೆ ಯಾಕೆ ಅಷ್ಟು ತಲೆ ಕೆಡಿಸ್ಕೊಬೇಕು? ಈ ವಯಸ್ಸಿನ ಮಗೂಗೆ ರಜೆ ಅಂದರೆ ಜಾಗ ಅಲ್ಲ, ಒಂದೇ ಮನೆಯಲ್ಲಿ ಸಾಲಾಗಿ ಸಿಗೋ ದಿನಗಳು. ಹೆದರಿಕೆ ಹೋಗಿ ಸಲುಗೆ ಬರೋಷ್ಟು ದಿನಗಳು. ಇನ್ನು ಐದು ವರ್ಷ ಆಗ್ಲಿ ಅನ್ನೋ ಸಲಹೆ. ಅವಳಿಗೆ ಐದಾದಾಗ ಅಪ್ಪನಿಗೆ 77. ನಾವು ಮಗುವಿನ ವಯಸ್ಸು ಮಾತ್ರ ಲೆಕ್ಕ ಹಾಕ್ತೀವಿ, ಇನ್ನೊಂದು ಕಡೆಯದನ್ನ ಹಾಕೋದೇ ಇಲ್ಲ.

ನಾನು ಸಮುದ್ರದ ವಿರೋಧಿ ಅಲ್ಲ ಮಾರಾಯ್ರೆ. ಮಲ್ಪೆಯಲ್ಲೋ ಹೊನ್ನಾವರದಲ್ಲೋ ಕಾಸರಗೋಡಲ್ಲೋ ಅಜ್ಜಿಮನೆ ಇರೋರು ಪುಣ್ಯವಂತರು, ಅವರಿಗೆ ಎರಡೂ ಒಟ್ಟಿಗೇ ಸಿಗತ್ತೆ. ಮತ್ತೆ, ಹತ್ತು ದಿನ ರಜೆ ಎಲ್ಲರಿಗೂ ಸಿಗಲ್ಲ ಅನ್ನೋದೂ ಗೊತ್ತು. ನನಗೆ ಸಿಕ್ಕಿದ್ದು ಐದೇ ದಿನ. ಉಳಿದ ದಿನ ಅಟ್ಟದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಕರೆಂಟ್ ಹೋದಾಗಲೆಲ್ಲ ಬಾಸ್‌ಗೆ ಮೆಸೇಜ್ ಹಾಕ್ತಾ ಕಳೆದೆ. ನಮ್ಮನೆಯವರು ಬಂದಿದ್ದು ಎರಡು ದಿನಕ್ಕೆ. ಇನ್ನೊಂದು ವಿಷಯ, ಅಜ್ಜಿಮನೆ ಅಂತ ನಾವು ಹಾಡಿ ಹೊಗಳೋವಾಗ ಮರೆಯೋದು: ನಮ್ಮ ರಜೆ ಅಂದರೆ ಅಜ್ಜಿಗೆ ಓವರ್‌ಟೈಮ್. ಮೊದಲ ಎರಡು ದಿನ ಅವ್ವ ಐದು ಗಂಟೆಗೆ ಎದ್ದು ಅಷ್ಟೂ ಜನಕ್ಕೆ ಮಾಡಿದ್ದು ನೋಡಿ, ಮೂರನೇ ದಿನದಿಂದ ಅಡುಗೆಮನೆಯನ್ನ ಅಕ್ಕ ಮತ್ತೆ ಭಾವ ವಹಿಸ್ಕೊಂಡರು. ಭಾವ ಮಾಡಿದ ಉಪ್ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಅಪ್ಪ ಎರಡು ಮುದ್ದೆ ಉಂಡರು. ಅವ್ವ ಆ ಹೊತ್ತಲ್ಲಿ ಮೊಮ್ಮಗಳ ಜೊತೆ ಮಲಗಿ ನಿದ್ದೆ ಮಾಡ್ತಿದ್ದರು. ಅದೂ ರಜೆಯೇ.

ಪುಟ್ಟ ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡು ಹೋಗೋರಿಗೆ ಒಂದು ಮಾತು ಹೇಳಿಬಿಡ್ತೀನಿ, ಬೈಕೊಂಡ್ರೂ ಪರವಾಗಿಲ್ಲ. ಕೆಳಗೆ ಬಸ್ಸಿಗೆ ಕಾಯೋ ಕಡೆ ಪೊದೆ ಪಕ್ಕ ಬಳಸಿ ಬಿಸಾಕಿದ ಡಯಾಪರ್ ಬಿದ್ದಿತ್ತು. ಅದು ಕಾಡು. ಆನೆ, ಜಿಂಕೆ ಓಡಾಡೋ ಜಾಗ. ಬ್ಯಾಗಿನಲ್ಲಿ ಒಂದು ಕವರ್ ಜಾಸ್ತಿ ಇಟ್ಕೊಂಡು, ತಂದಿದ್ದನ್ನ ವಾಪಸ್ ತಗೊಂಡು ಹೋಗಿ. ಮಗೂಗೆ ನೆನಪಿರಲ್ಲ ನಿಜ, ಡಯಾಪರ್ ಮಾತ್ರ ವರ್ಷಗಟ್ಟಲೆ ಅಲ್ಲೇ ಇರತ್ತೆ.

ಬೆಟ್ಟದಿಂದ ಬಂದ ಮೇಲೆ ಉಳಿದ ದಿನವೆಲ್ಲ ಮನೆಯಲ್ಲಿ ಬಸ್ಸಿನದೇ ಆಟ. ಅಪ್ಪನ ಆರಾಮ ಕುರ್ಚಿ ಬಸ್ಸು, ಅಪ್ಪ ಡ್ರೈವರ್ರು, ಚಿನ್ನು ಮತ್ತವಳಣ್ಣ ಪ್ಯಾಸೆಂಜರ್ರು, ಪುಟ್ಟಿ ಕಂಡಕ್ಟರ್ರು. "ಐಟ್ ಐಟ್" ಅಂದರೆ ಹೊರಡಬೇಕು. ಹೊರಡೋ ದಿನ ಬಸ್‌ಸ್ಟ್ಯಾಂಡಿನಲ್ಲೂ ಅವಳು ಅಳಲಿಲ್ಲ, ಕಿಟಕಿಯಿಂದ ತಾತನಿಗೇ "ಐಟ್ ಐಟ್" ಅಂದಳು. ಕೆಳಗೆ ನಿಂತಿದ್ದ ಅಪ್ಪ ಕನ್ನಡಕ ತೆಗೆದು ಒರೆಸ್ಕೊಳ್ತಿದ್ದರು.

ಈಗ ಬೆಂಗಳೂರಿನಲ್ಲಿ ಮತ್ತೆ ಅದೇ ಸಂಜೆಯ ವಿಡಿಯೋ ಕಾಲ್. ಮೊನ್ನೆ ಪುಟ್ಟಿ ಫೋನಲ್ಲಿ ತಾತನ ಮುಖ ಬಂದ ತಕ್ಷಣ ಮುತ್ತು ಕೊಡಲಿಲ್ಲ. ಫೋನನ್ನ ತಿರುಗಿಸಿ ಅದರ ಹಿಂದುಗಡೆ ನೋಡಿದಳು, ಆಮೇಲೆ ಸೋಫಾದ ಹಿಂದೆ ಹೋಗಿ ನೋಡಿದಳು. "ತಾತ ಎಲ್ಲೀ?" ಅಂತ ಮನೆಯೆಲ್ಲ ಹುಡುಕಿದಳು. ಎಷ್ಟು ದಿನ ಈ ನೆನಪು ಇರತ್ತೋ ಗೊತ್ತಿಲ್ಲ. ದಸರಾಕ್ಕೆ ಮತ್ತೆ ಹೋಗೋಣ ಅಂತ ಇದ್ದೀವಿ, ಆಗ ಮೊದಲನೇ ದಿನದಿಂದ ಶುರು ಮಾಡಬೇಕೋ ನಾಲ್ಕನೇ ದಿನದಿಂದಲೋ ನೋಡಬೇಕು. ಬಕೆಟ್ಟು ಸಲಿಕೆ ಹಾಗೇ ಇದೆ, ಅಪ್ಪನ ಮನೆ ಹಿತ್ತಲಲ್ಲಿ ಮಣ್ಣಿಗೇನು ಬರ ಇಲ್ಲ.

ನಿಮ್ಮ ಮನೆಯ ಪುಟಾಣಿಗಳು ಅಜ್ಜಿ ತಾತನ ಹತ್ತಿರ ಹೋಗೋಕೆ ಎಷ್ಟು ದಿನ ತಗೊಂಡರು? ಬರೀರಿ, ಓದೋಕೆ ಕಾಯ್ತಿರ್ತೀನಿ.