ಗ್ಯಾಸ್ ಒಲೆ: ನೆಲದ ಕಡೆಗೂ ಗಮನವಿರಲಿ

ಅಡುಗೆಕಟ್ಟೆಯ ಕಲ್ಲನ್ನು ಕೊರೆಸಿ ಗ್ಯಾಸ್ ಒಲೆಯನ್ನು ಅದರಲ್ಲಿಯೇ ಕೂರಿಸುವ ರೂಢಿ ಈಗ ಬೆಳೆದಿದೆ. ನೋಟಕ್ಕೆ ಅದು ಅಂದವೇ. ಆದರೆ ಸಿಲಿಂಡರನ್ನು ಕೆಳಗಿನ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿಬಿಡುವುದು ಅಪಾಯಕರ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಹೊಗೆಯಂತೆ ಮೇಲೇರದೆ, ನೀರಿನಂತೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಆದುದರಿಂದ ಮೇಲಿನ ಕಿಟಕಿಯೊಂದೇ ಸಾಲದು. ಕಪಾಟಿನ ತಳದಲ್ಲಿಯೂ ಗಾಳಿಯಾಡುವ ಕಂಡಿಗಳಿರಬೇಕು.

ಸಿಲಿಂಡರು ನೆಟ್ಟಗೆ ನಿಂತಿರಲಿ. ಒಲೆಯು ಅದಕ್ಕಿಂತ ಎತ್ತರದಲ್ಲಿರಲಿ. ಐ.ಎಸ್.ಐ. ಗುರುತಿನ ಸುರಕ್ಷಾ ಪೈಪನ್ನೇ ಹಾಕಿಸಿ, 5 ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಬೇಕು. ಜೋಡಣೆಗಳಿಗೆ ಸಾಬೂನಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆಯಿದೆ ಎಂದರ್ಥ. ಕಡ್ಡಿ ಗೀರಿ ಪರೀಕ್ಷಿಸುವ ಸಾಹಸ ಎಂದಿಗೂ ಬೇಡ.

ಈ ಅನಿಲಕ್ಕೆ ತನ್ನದೇ ಆದ ವಾಸನೆಯಿಲ್ಲ. ನಮ್ಮನ್ನು ಎಚ್ಚರಿಸಲೆಂದೇ ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಿರಿ. ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು; ಕಿಡಿಯೊಂದೇ ಸಾಕು. ಎಲ್ಲರೂ ಹೊರಗೆ ಬಂದ ಮೇಲೆ 1906 ಸಂಖ್ಯೆಗೆ ದೂರವಾಣಿ ಮಾಡಿರಿ.

ಕಡೆಯದಾಗಿ ಒಂದು ಮಾತು. ಇಂತಹ ಹೊತ್ತಿನಲ್ಲಿ ದೇವರ ಜಗಲಿಯ ದೀಪವನ್ನೂ ಊದುಬತ್ತಿಯನ್ನೂ ಕೂಡಲೇ ನಂದಿಸಬೇಕು. ದೀಪವಾರಿಸಲು ಹಿರಿಯರ ಮನಸ್ಸು ಅಳುಕುವುದು ಸಹಜ. ಆದರೆ ಮನೆಮಂದಿಯ ಜೀವವುಳಿದರೆ ಆ ದೀಪವನ್ನು ಸಂಜೆಗೆ ಮತ್ತೆ ಹಚ್ಚಬಹುದು.