ಹಲಗೆ ಹತ್ತಿಸುವ ಮೊದಲು

ನಮ್ಮೂರಲ್ಲಿ ಹಿಮ ಬೀಳೋದಿಲ್ಲ. ಬಂಟ್ವಾಳದಲ್ಲಿ ಡಿಸೆಂಬರ್ ಬೆಳಿಗ್ಗೆ ಸ್ವಲ್ಪ ಮಂಜು ಕವಿದರೆ ಸಾಕು, ಅಮ್ಮ ಕಿವಿಗೆ ಬೈರಾಸು ಸುತ್ತಿಕೊಂಡು "ಎಂತ ಚಳಿ ಮಾರಾಯಾ" ಅಂತಾರೆ. ಆದರೆ ಜಾರುವ ಆಟಕ್ಕೇನೂ ಬರ ಇರಲಿಲ್ಲ. ಅಡಿಕೆ ಹಾಳೆ ಮೇಲೆ ಒಬ್ಬ ಕೂರೋದು, ಇನ್ನೊಬ್ಬ ತೋಟದ ಇಳಿಜಾರಿನಲ್ಲಿ ಎಳ್ಕೊಂಡು ಓಡೋದು. ಅದನ್ನು ಯಾರೂ ಕಲಿಸಲಿಲ್ಲ. ಮೊಣಕಾಲಿನ ತರಚುಗಾಯವೇ ಮೇಷ್ಟ್ರು.

ಆ ಧೈರ್ಯದ ಮೇಲೆಯೇ ಕಳೆದ ಜನವರಿಯಲ್ಲಿ ಆಫೀಸಿನ ಗೆಳೆಯರ ಜೊತೆ ಮನಾಲಿಗೆ ಹೋದಾಗ "ಸ್ಕೀಯಿಂಗ್ ತಾನೇ, ನೋಡೇಬಿಡೋಣ" ಅಂದೆ. ಮನಾಲಿಯಿಂದ 13-14 ಕಿ.ಮೀ. ದೂರದಲ್ಲಿ ಸೋಲಂಗ್ ಕಣಿವೆ. ಮೊದಲ ದಿನ ಸಿಕ್ಕ ಹುಡುಗ ಬಹಳ ಖುಷಿಯ ಮನುಷ್ಯ. ಬೂಟು ಹಾಕಿಸಿದ, ಸ್ಕೀ ಸಿಕ್ಕಿಸಿದ, ನನ್ನದೇ ಮೊಬೈಲ್ ಇಸ್ಕೊಂಡು "ಸರ್, ಪೋಸ್ ಕೊಡಿ" ಅಂದ. ಆಮೇಲೆ ಬೆನ್ನಿಗೊಂದು ತಳ್ಳು! ಜಾರಿದೆ. ನಿಲ್ಲಿಸೋದು ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ. ಹಿಮದ ರಾಶಿಗೆ ಹೋಗಿ ಹೊಡೆದ ಮೇಲೆ ತನ್ನಷ್ಟಕ್ಕೇ ನಿಂತಿತು. ಫೋಟೊ ಚೆನ್ನಾಗಿ ಬಂತು. ಗೆಳೆಯನೊಬ್ಬನ ಮೊಣಕಾಲು ತಿರುಚಿಕೊಂಡು ಅವನ ಪ್ರವಾಸ ಅಲ್ಲಿಗೇ ಮುಗಿಯಿತು.

ಮರುದಿನ ಬೇರೆಯವರನ್ನು ಹುಡುಕಿದೆ. ಸುಮಾರು ಐವತ್ತರ, ಮಾತು ಕಮ್ಮಿಯ ಮನುಷ್ಯ. ಅವರು ಶುರು ಮಾಡಿದ್ದೇ ಪ್ರಶ್ನೆಯಿಂದ. ತೂಕ ಎಷ್ಟು? ಎತ್ತರ ಎಷ್ಟು? ಮೊದಲು ಮೊಣಕಾಲಿಗೆ ಪೆಟ್ಟಾಗಿದೆಯಾ? ಕೇಳಿ ಮುಗಿಸಿ ಹಿಮದ ಮೇಲೆ ಕೂತು ನನ್ನ ಸ್ಕೀಯ ಬೈಂಡಿಂಗನ್ನು ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿದರು. ಬೂಟನ್ನು ಸ್ಕೀಗೆ ಹಿಡಿದಿಡುವ ಕ್ಲಿಪ್ ಅದು. ಜೋರಾಗಿ ಬಿದ್ದಾಗ ಬಿಟ್ಟುಕೊಳ್ಳಬೇಕು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಕಲಿಯುವವನ ಮಟ್ಟ ಎಲ್ಲ ನೋಡಿ ಅದರ ಬಿಗಿ ಇಡಬೇಕು. ಬಿಗಿ ಜಾಸ್ತಿಯಾದರೆ ಬಿದ್ದಾಗ ಸ್ಕೀ ಕಾಲನ್ನು ಬಿಡೋದಿಲ್ಲ, ತಿರುಚುವ ಪೆಟ್ಟು ಪೂರ್ತಿ ಮೊಣಕಾಲಿಗೆ. ಮೊದಲ ದಿನ ನಮ್ಮಲ್ಲಿ ಯಾರದ್ದನ್ನೂ ಯಾರೂ ಮುಟ್ಟಿ ನೋಡಿರಲಿಲ್ಲ.

ಆಮೇಲೆ ಅರ್ಧ ಗಂಟೆ ಸಮತಟ್ಟು ಜಾಗದಲ್ಲಿ ಬೀಳೋದನ್ನೇ ಕಲಿಸಿದರು. ನಗಬೇಡಿ. ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ, ಪಕ್ಕಕ್ಕೆ, ಇಳಿಜಾರಿನ ಮೇಲ್ಬದಿಗೆ ಬೀಳಬೇಕು. ಏಳುವಾಗ ಸ್ಕೀಗಳು ಇಳಿಜಾರಿಗೆ ಅಡ್ಡ ಇರಬೇಕು, ಇಲ್ಲದಿದ್ದರೆ ಎದ್ದ ಕೂಡಲೇ ಮತ್ತೆ ಜಾರಾಟ. ಅದು ಬಂದ ಮೇಲೆ ನಿಲ್ಲಿಸೋ ಪಾಠ. ಸ್ಕೀಗಳ ತುದಿ ಹತ್ತಿರ, ಹಿಂಬದಿ ಅಗಲ. ಹಿಮ ಸರಿಸುವ ನೇಗಿಲಿನ ಹೆಸರಲ್ಲಿ ಅದನ್ನು 'ಸ್ನೋ ಪ್ಲೋ' ಅಂತಾರೆ, ಮಕ್ಕಳಿಗೆ ಕಲಿಸುವಾಗ 'ಪಿಜ್ಜಾ' ಅಂದರೆ ಮುಗೀತು.

ಇಳಿಯುವಾಗ ಅವರು ಒಂದೇ ಮಾತು ಹೇಳುತ್ತಿದ್ದರು: "ಮುಂಗಾಲು ಬೂಟಿನ ನಾಲಿಗೆಗೆ ತಾಗಿರಲಿ." ಹೆದರಿದವನು ಹಿಂದಕ್ಕೆ ವಾಲ್ತಾನೆ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಹಿಡಿತ ತಪ್ಪುತ್ತದೆ, ಹೆದರಿಕೆ ಇನ್ನೂ ಜಾಸ್ತಿ. ನಾನು ಹತ್ತು ತಪ್ಪು ಮಾಡ್ತಿದ್ದೆ. ಅವರು ಹತ್ತನ್ನೂ ನೋಡ್ತಿದ್ದರು, ಹೇಳ್ತಿದ್ದದ್ದು ಒಂದನ್ನೇ. ಅದು ಸರಿಯಾದರೆ ಉಳಿದ ನಾಲ್ಕು ತಾವಾಗಿ ಸರಿಹೋಗುತ್ತವೆ ಅಂತ ಅವರಿಗೆ ಗೊತ್ತಿತ್ತು.

ಮಧ್ಯಾಹ್ನ "ಮೇಲಿನ ಇಳಿಜಾರಿಗೆ ಹೋಗೋಣ್ವಾ?" ಅಂದೆ. ಅಲ್ಲಿಗೆ ಹೋದರೆ ಅವರಿಗೇ ದುಡ್ಡು ಜಾಸ್ತಿ. "ಇವತ್ತು ಬೇಡ. ಇಲ್ಲೇ ನಾಲ್ಕು ಸಲ ನೀವೇ ನಿಂತು ತೋರಿಸಿ" ಅಂದರು.

ಈ "ಇವತ್ತು ಬೇಡ"ವನ್ನು ನಾನು ಮೊದಲೇ ಕೇಳಿದ್ದೆ. ಹಿಮದಲ್ಲಿ ಅಲ್ಲ, ಕೆಸರಲ್ಲಿ.

ಚಿಕ್ಕಮ್ಮನ ಮಗನಿಗೆ ಇಪ್ಪತ್ತು ವರ್ಷ, ಕಂಬಳದ ಹುಚ್ಚು. ನಮ್ಮ ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಬೆಳ್ತಂಗಡಿ ಕಡೆಯ ವೇಣೂರು-ಪೆರ್ಮುಡದ ಸೂರ್ಯ-ಚಂದ್ರ, ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ, ಯಾವ ಜೋಡುಕರೆಯನ್ನೂ ತಪ್ಪಿಸೋದಿಲ್ಲ. ಅವನಿಗೆ ಹಗ್ಗ, ನೇಗಿಲಿನ ಓಟಕ್ಕಿಂತ ಹಲಗೆಯ ಆಸೆ. ನೋಡದವರಿಗೆ ಹೇಳ್ತೇನೆ: ಕೋಣಗಳು ಎಳೆಯುವ ಹಲಗೆಯ ಮೇಲೆ ಕಾಲೂರಿ ನಿಂತು ಕೆಸರುನೀರಿನ ಕರೆಯಲ್ಲಿ ಜಾರಿಕೊಂಡು ಹೋಗೋದು. ಕನೆಹಲಗೆಯಲ್ಲಿ ತೂತುಗಳಿರುತ್ತವೆ. ವೇಗಕ್ಕೆ ಅದರಿಂದ ನೀರು ಕಾರಂಜಿಯ ಹಾಗೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. 6.5 ಕೋಲು, 7.5 ಕೋಲು ಅಂತ ಎತ್ತರ. ಮರುದಿನ ಪೇಪರಿನಲ್ಲಿ "ಹಲಗೆ ಮುಟ್ಟಿದವರು" ಅಂತ ಹೆಸರು ಬರುತ್ತದಲ್ಲ, ಅವರೇ. ನಮ್ಮ ಜಿಲ್ಲೆಯ ಸ್ಕೀಯಿಂಗ್ ಅಂತ ಏನಾದರೂ ಇದ್ದರೆ ಇದೇ.

ಅವನಿಗೆ ಕಲಿಸುವವರನ್ನು ಊರಲ್ಲೆಲ್ಲ ಅಣ್ಣ ಅಂತಲೇ ಕರೆಯೋದು. ಮೊದಲ ವರ್ಷ ಪೂರ್ತಿ ಅಣ್ಣ ಇವನನ್ನು ಹಲಗೆಯ ಹತ್ತಿರ ಬಿಡಲಿಲ್ಲ. ಕೋಣ ಮೀಯಿಸು, ಎಣ್ಣೆ ಹಚ್ಚಿ ತಿಕ್ಕು, ಹುರುಳಿ ಬೇಯಿಸು. ಇವನು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದನಂತೆ. "ನಿನ್ನ ಸ್ವರ ಕೋಣಕ್ಕೆ ಗುರ್ತ ಆಗ್ಲಿ ಮಾರಾಯಾ, ಮತ್ತೆ ನೋಡುವ" ಅಂದರಂತೆ ಅಣ್ಣ. ಕರೆಗೆ ಇಳಿಸಿದ ದಿನವೂ ಮೊದಲು ಹೇಳಿದ್ದು ಓಡೋದರ ಬಗ್ಗೆ ಅಲ್ಲ. "ಬಿದ್ದರೆ ಕೈ ಬಿಡು. ಮರ್ಯಾದೆ ಹೋಯ್ತು ಅಂತ ಹಿಡ್ಕೊಂಡ್ರೆ ಎಳ್ಕೊಂಡು ಹೋಗ್ತಾವೆ." ಸೋಲಂಗ್‌ನವರು ಸ್ಕ್ರೂಡ್ರೈವರ್‌ನಲ್ಲಿ ಮಾಡಿದ್ದನ್ನು ಅಣ್ಣ ಬಾಯಲ್ಲಿ ಮಾಡಿದರು.

ಅಂದ ಹಾಗೆ ಒಂದು ನೆಲದ ಪಾಠ ಇನ್ನೊಂದು ನೆಲಕ್ಕೆ ಹಾಗೇ ಆಗೋದಿಲ್ಲ. 2020ರ ಫೆಬ್ರುವರಿಯಲ್ಲಿ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬಹುದು. ಎರಡು ವಾರದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ದೇಶವೆಲ್ಲ ಬೋಲ್ಟ್ ಜೊತೆ ಹೋಲಿಸಿತು, ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸಿದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಓಡೋದು ಹಿಮ್ಮಡಿಯ ಬಲದಲ್ಲಿ, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ, ಜೊತೆಗೆ ಇಲ್ಲಿ ಕೋಣಗಳ ಪಾಲೂ ಇದೆ ಅನ್ನೋದು ಅವರು ಕೊಟ್ಟ ವಿವರಣೆ. ಹಿಮದಲ್ಲಿ ಭಾರ ಮುಂದೆ, ಕೆಸರಲ್ಲಿ ಹಿಮ್ಮಡಿ. ಕಲಿಸುವವನಿಗೆ ಕಾಲ ಕೆಳಗಿನ ನೆಲ ಗೊತ್ತಿರಬೇಕು. ಗುಣಪಾಲ ಕಡಂಬರು ಕಂಬಳ ಓಟಗಾರರಿಗೆಂದೇ ಅಕಾಡೆಮಿ ಕಟ್ಟಿದ್ದು ಯಾಕೆ ಅಂತ ಆಗ ನನಗೆ ಅರ್ಥ ಆಯಿತು.

ಇಷ್ಟೆಲ್ಲ ನಾನು ಬರೀತಿರೋದಕ್ಕೆ ನಿಜವಾದ ಕಾರಣ ಬೇರೆ.

ಎರಡು ವರ್ಷದ ಹಿಂದೆ ನನ್ನ ಟೀಮಿಗೆ ಬೆಳ್ತಂಗಡಿ ಕಡೆಯ ಹುಡುಗನೊಬ್ಬ ಸೇರಿದ. ಕಾಲೇಜು ಆಗಷ್ಟೇ ಮುಗಿಸಿದವನು. ನಮ್ಮೂರಿನವನು ಅನ್ನೋ ಪ್ರೀತಿಗೆ ಮೂರನೇ ವಾರದಲ್ಲೇ ಪ್ರೊಡಕ್ಷನ್ ಆಕ್ಸೆಸ್ ಕೊಡಿಸಿದೆ. "ಅಣ್ಣ, ನನಗಿನ್ನೂ ಅಷ್ಟು ಗೊತ್ತಿಲ್ಲ" ಅಂದ. "ನೀರಿಗೆ ಬಿದ್ದರೆ ಈಜು ಬರ್ತದೆ ಮಾರಾಯಾ" ಅಂದೆ. ಆ ಶುಕ್ರವಾರ ಸಂಜೆ ಅವನು ಟೆಸ್ಟಿಗೆ ಓಡಿಸಬೇಕಿದ್ದ ಸ್ಕ್ರಿಪ್ಟ್ ಅಸಲಿ ಡೇಟಾಬೇಸಿನಲ್ಲಿ ಓಡಿತು. ತಪ್ಪಾಯಿತು ಅಂತ ಒಂದೇ ನಿಮಿಷದಲ್ಲಿ ಅವನಿಗೆ ಗೊತ್ತಾಗಿತ್ತು. ಹೇಗೆ ನಿಲ್ಲಿಸೋದು, ಹೇಗೆ ಹಿಂದಕ್ಕೆ ತರೋದು ಅನ್ನೋದು ಗೊತ್ತಿರಲಿಲ್ಲ. ಅದನ್ನು ನಾನು ಕಲಿಸಿರಲೇ ಇಲ್ಲ. ಹೆದರಿ ಇಪ್ಪತ್ತು ನಿಮಿಷ ಯಾರಿಗೂ ಹೇಳಲಿಲ್ಲ. ಬ್ಯಾಕಪ್‌ನಿಂದ ಎಲ್ಲ ವಾಪಸ್ ತರುವಾಗ ರಾತ್ರಿ ಎರಡು ಗಂಟೆ.

ಸೋಮವಾರದ ಮೀಟಿಂಗಿನಲ್ಲಿ ಯಾರೂ ಅವನಿಗೆ ಬೈಯಲಿಲ್ಲ. ನಾನೂ ಬೈಯಲಿಲ್ಲ. ಆದರೆ "ಆಕ್ಸೆಸ್ ಕೊಡಿಸಿದವನು ನಾನು" ಅಂತ ಬಾಯಿಬಿಟ್ಟು ಹೇಳಲೂ ಇಲ್ಲ. ಆಮೇಲೆ ಅವನು ಪ್ರಶ್ನೆ ಕೇಳೋದನ್ನೇ ನಿಲ್ಲಿಸಿದ. ಮೂರು ತಿಂಗಳಲ್ಲಿ ಕೆಲಸ ಬಿಟ್ಟ. ನಾನು ಪಾರ್ಟಿಯಲ್ಲಿ ಕೇಕ್ ಕತ್ತರಿಸಿ "ಆಲ್ ದಿ ಬೆಸ್ಟ್" ಅಂದೆ.

ಸೋಲಂಗ್‌ನಲ್ಲಿ ಆ ಹಿರಿಯರು ನನ್ನ ಬೈಂಡಿಂಗ್ ತಿರುಗಿಸುತ್ತಿದ್ದಾಗ ನನಗೆ ನೆನಪಾದದ್ದು ಆ ಹುಡುಗನೇ. ಬೆನ್ನಿಗೆ ತಳ್ಳಿದ ಮೊದಲ ದಿನದವನನ್ನು ನಾನು ರಾತ್ರಿಯೆಲ್ಲ ಬೈದಿದ್ದೆ. ನಾನು ಮಾಡಿದ್ದು ಅವನು ಮಾಡಿದ್ದೇ.

ಊರಿಗೆ ವಾಪಸ್ ಬಂದ ಮೇಲೆ ಫೋನ್ ಮಾಡಿದೆ. ಅವನೀಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಆರಾಮ. ಹವಾಮಾನ, ಮನೆಯವರು, ಕಂಬಳ ಎಲ್ಲ ಮಾತಾಡಿ ಕೊನೆಗೆ ಹೇಳಿದೆ, "ಅವತ್ತಿನ ತಪ್ಪು ನಿನ್ನದಲ್ಲ ಮಾರಾಯಾ, ನನ್ನದು." ಸ್ವಲ್ಪ ಹೊತ್ತು ಸುಮ್ಮನಿದ್ದ. "ಇದನ್ನು ಆ ಸೋಮವಾರ ಹೇಳಿದ್ದರೆ ನಾನು ಬಿಡ್ತಿರ್ಲಿಲ್ಲ ಅಣ್ಣ" ಅಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ತಾಗಿತು.

ಈಗ ಟೀಮಿಗೆ ಹೊಸಬರು ಬಂದರೆ ಮೊದಲ ವಾರ ಅವರು ಏನನ್ನೂ ಕಟ್ಟೋದಿಲ್ಲ. ಟೆಸ್ಟ್ ಸರ್ವರನ್ನು ಬೇಕಂತಲೇ ಕೆಡಿಸಿ, ಮತ್ತೆ ಸರಿ ಮಾಡ್ತಾರೆ. ನಾಲ್ಕು ಸಲ. "ಬಿತ್ತು" ಅಂತ ಗ್ರೂಪಿನಲ್ಲಿ ಕೂಡಲೇ ಹೇಳೋದೂ ಅಭ್ಯಾಸದ ಭಾಗ. ನಾಲ್ಕೂ ಸಲ ಆಗುವ ತನಕ ಪ್ರೊಡಕ್ಷನ್ ಕೇಳಿದರೆ ನನ್ನ ಉತ್ತರ "ಇವತ್ತು ಬೇಡ."

ನೀವು ಈ ಸಲ ಚಳಿಗಾಲಕ್ಕೆ ಸೋಲಂಗ್‌ಗೋ, ಔಲಿಗೋ, ಗುಲ್ಮಾರ್ಗ್‌ಗೋ ಹೋಗ್ತೀರಾದರೆ, ಸ್ಕೀ ಕಲಿಸುವವರ ಹತ್ತಿರ ರೇಟ್ ಕೇಳುವ ಮೊದಲು ಒಂದು ಮಾತು ಕೇಳಿ: "ಮೊದಲು ಏನು ಕಲಿಸ್ತೀರಿ?" ಬೀಳೋದು, ನಿಲ್ಲೋದು ಅಂದರೆ ದುಡ್ಡು ಕೊಡಿ. ಫೋಟೊ ಅಂದರೆ ಮುಂದಕ್ಕೆ ನಡೀರಿ.

ಚಿಕ್ಕಮ್ಮನ ಮಗ ಮೊನ್ನೆ ಮೆಸೇಜ್ ಹಾಕಿದ್ದ. ಕುದಿಯಲ್ಲಿ ಮೊದಲ ಸಲ ಹಲಗೆ ಮೇಲೆ ಕರೆ ಪೂರ್ತಿ ನಿಂತನಂತೆ. ನೀರು ನಿಶಾನೆಯ ಹತ್ತಿರಕ್ಕೂ ಹೋಗಲಿಲ್ಲವಂತೆ. "ಅಣ್ಣ ಎಂತ ಹೇಳಿದ್ರು?" ಅಂತ ಕೇಳಿದೆ.

"ಕೋಣಕ್ಕೆ ಹುರುಳಿ ಹಾಕು ಅಂದ್ರು."